ಕಾರು ಮಾರುವವರೇ, ಬಾನೆಟ್ ತೆರೆದಿಟ್ಟು ಒಳಗೆ ಹೋಗಬೇಡಿ

ಚೆನ್ನಾಗಿ ನೋಡಿಕೊಂಡ ಕಾರನ್ನು ಮಾರಲು ಹೊರಟಿರುವವರು ದಯವಿಟ್ಟು ಇದನ್ನು ಓದಿ. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ಇಷ್ಟು ಸಾಕು: ಕೊಳ್ಳಲು ಬಂದವರು ಕಾರಿನ ಪಕ್ಕದಲ್ಲಿದ್ದು ಬಾನೆಟ್ ತೆರೆದಿದ್ದರೆ, ಯಾವ ಕಾರಣಕ್ಕೂ ಅಲ್ಲಿಂದ ಕದಲಬೇಡಿ. ಅವರು ರಸೀದಿ ಕೇಳಲಿ, ಎರಡನೆಯ ಕೀಲಿ ಕೇಳಲಿ, ಕುಡಿಯಲು ನೀರು ಕೇಳಲಿ, ಕದಲಬೇಡಿ. ನೀರು ಕೇಳಿದರಂತೂ ಇನ್ನೂ ಕದಲಬೇಡಿ.

ನನ್ನದು ಬಿಎಂಡಬ್ಲ್ಯು 330ಐ, ಇ46 ತಲೆಮಾರಿನ ಸೆಡಾನ್. ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. 2979 ಸಿಸಿಯ ಎಂ54 ಎಂಜಿನ್, ಒಂದೇ ಸಾಲಿನಲ್ಲಿ ಆರು ಸಿಲಿಂಡರ್, 231 ಅಶ್ವಶಕ್ತಿ, ಟರ್ಬೊ ಇಲ್ಲ, ಮ್ಯಾನುಯಲ್ ಗೇರ್, ಹಿಂದಿನ ಚಕ್ರಗಳಿಗೆ ಚಾಲನೆ. ಈ ಕಾರುಗಳ ರೋಗಗಳೂ ಬಲ್ಲವರಿಗೆ ಗೊತ್ತು. ಎಂಜಿನ್ ತಣಿಸುವ ದ್ರವದ, ಅಂದರೆ ಕೂಲಂಟಿನ, ಟ್ಯಾಂಕ್ ಪ್ಲಾಸ್ಟಿಕ್ಕಿನದು, ವಯಸ್ಸಾದಂತೆ ಬಿರುಕು ಬಿಡುತ್ತದೆ. ಹಿಂದಿನ ಚಕ್ರಗಳನ್ನು ಹೊರುವ ಚೌಕಟ್ಟು (ಸಬ್‌ಫ್ರೇಮ್) ಕೂರುವ ಜಾಗದಲ್ಲಿ ಕಾರಿನ ತಳದ ತಗಡು ಸೀಳುತ್ತದೆ. ಎಂಜಿನ್ ವಾಲ್ವುಗಳು ತೆರೆದು ಮುಚ್ಚುವ ಹೊತ್ತನ್ನು ಹೊಂದಿಸುವ ವ್ಯಾನೋಸ್ ಎಂಬ ಭಾಗದ ಸೀಲುಗಳು ಗಟ್ಟಿಯಾಗುತ್ತವೆ. ನಾನು ಇವು ಕೈಕೊಡುವವರೆಗೆ ಕಾದವನಲ್ಲ. ರೇಡಿಯೇಟರ್, ಟ್ಯಾಂಕ್, ವಾಟರ್ ಪಂಪ್, ಥರ್ಮೋಸ್ಟಾಟ್ ಎಲ್ಲವನ್ನೂ ಮುಂಚೆಯೇ ಬದಲಿಸಿದ್ದೆ. ತಳಕ್ಕೆ ಉಕ್ಕಿನ ಪಟ್ಟಿ ಬೆಸೆಸಿ, ಬೆಸೆಯುವ ಮೊದಲಿನ ಮತ್ತು ನಂತರದ ಫೋಟೊಗಳನ್ನು ಕಡತದಲ್ಲಿ ಇಟ್ಟಿದ್ದೆ. ಕಂಪನಿ ಹೇಳಿದ ಅಂತರದ ಅರ್ಧಕ್ಕೇ ಎಣ್ಣೆ ಬದಲಿಸುತ್ತಿದ್ದೆ. ಮಾರಾಟಕ್ಕೆ ಇಡುವ ಮೊದಲು ಮತ್ತೊಮ್ಮೆ ಬದಲಿಸಿದ್ದೆ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಂದವರು ಮೂವರು. ಒಬ್ಬರು ಹಿರಿಯರು, ಮೃದು ಮಾತಿನವರು. ಒಬ್ಬ ಹುಡುಗ, ಅವನಿಗಾಗಿಯೇ ಕಾರು ಎಂದರು. ಮೂರನೆಯವನು 'ನಮ್ಮ ಪರಿಚಯದ ಮೆಕ್ಯಾನಿಕ್'. ಬಂದವರೇ ಕಾರನ್ನು ಹೊಗಳಿದ್ದೂ ಹೊಗಳಿದ್ದೇ. "ಇಷ್ಟು ಶುದ್ಧವಾದ ಇ46 ನೋಡಿಯೇ ಇಲ್ಲ ಸರ್" ಎಂದ ಹುಡುಗ. ಈಗ ಅನ್ನಿಸುತ್ತದೆ, ಅವರ ಬಾಯಿಂದ ಬಂದ ನಿಜವಾದ ಮಾತು ಅದೊಂದೇ ಇರಬೇಕು. ಬಾನೆಟ್ ತೆರೆಯಲು ಹೇಳಿದರು, ತೆರೆದೆ. ಆಗ ಹಿರಿಯರು, "ತಳಕ್ಕೆ ಬೆಸುಗೆ ಹಾಕಿಸಿದ್ದೀರಂತಲ್ಲ, ಅದರ ದಾಖಲೆ ಇದೆಯೇ?" ಎಂದರು. ಇಂಥ ಪ್ರಶ್ನೆ ಕೇಳುವ ಗಿರಾಕಿ ಸಿಕ್ಕಿದರೆ ಯಾರಿಗೆ ತಾನೇ ಖುಷಿಯಾಗುವುದಿಲ್ಲ? ಕಡತ ತರಲು ಒಳಗೆ ಹೋದೆ. ಹಿರಿಯರೂ ನನ್ನ ಹಿಂದೆಯೇ ಬಾಗಿಲವರೆಗೆ ಬಂದು ಮಾತಿಗೆ ನಿಂತರು. ಹೊರಗೆ ಬರುವಷ್ಟರಲ್ಲಿ ಬಾನೆಟ್ ಮುಚ್ಚಿತ್ತು. ಮೆಕ್ಯಾನಿಕ್ ಬಟ್ಟೆಯ ಚೂರಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದ.

ಹುಡುಗ ಓಡಿಸಿದ, ನಾನು ಪಕ್ಕದಲ್ಲಿ ಕುಳಿತೆ, ಹಿರಿಯರು ಹಿಂದೆ. ಮೆಕ್ಯಾನಿಕ್ ತಮ್ಮ ಕಾರಿನಲ್ಲಿ ಹಿಂದಿನಿಂದ ಬಂದ. ಸ್ವಲ್ಪ ದೂರ ಹೋಗಿರಲಿಲ್ಲ, ಅವನ ಫೋನ್ ಬಂತು. ಸ್ಪೀಕರಿನಲ್ಲಿ, ನನಗೆ ಕೇಳಿಸುವಂತೆಯೇ: "ಏನಣ್ಣಾ ಇದು, ನಿಮ್ಮ ಹೊಗೆಯಲ್ಲಿ ನನಗೆ ರಸ್ತೆಯೇ ಕಾಣಿಸುತ್ತಿಲ್ಲ!" ಕನ್ನಡಿ ನೋಡಿದೆ. ಹೌದು, ನೀಲಿ ಹೊಗೆ. ದಟ್ಟವಾದ ನೀಲಿ ಹೊಗೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೊಗೆ ಉಗುಳದ ಕಾರು.

ತಾಪಮಾನದ ಮುಳ್ಳು ನೆಟ್ಟಗೆ ನಡುವೆ ಇತ್ತು. ಅದನ್ನು ತೋರಿಸಿದೆ. ಹುಡುಗ ಕನಿಕರದಿಂದ ನಕ್ಕ. "ಸರ್, ಇ46ರಲ್ಲಿ ಮುಳ್ಳನ್ನು ನಂಬಬಾರದು ಎನ್ನುವುದು ನಿಮಗೆ ಗೊತ್ತಿಲ್ಲವೇ?" ಗೊತ್ತಿತ್ತು. ಕಂಪನಿಯವರೇ ಆ ಮುಳ್ಳು ಹೆಚ್ಚುಕಡಿಮೆ 75 ಡಿಗ್ರಿಯಿಂದ 115 ಡಿಗ್ರಿಯವರೆಗೆ ನಡುವೆಯೇ ನಿಂತಿರುವಂತೆ ಮಾಡಿದ್ದಾರೆ. ಬಂದವರ ಚಾಲಾಕಿತನ ಇರುವುದೇ ಇಲ್ಲಿ. ಏನೂ ತಿಳಿಯದವನಾಗಿದ್ದರೆ ಮುಳ್ಳು ಸರಿ ಇದೆ, ನಡೆಯಿರಿ ಎನ್ನುತ್ತಿದ್ದ. ಕಾರಿನ ಒಳಹೊರಗು ಬಲ್ಲವನಿಗೆ ಮಾತ್ರ ಎದೆ ಧಸಕ್ಕೆನ್ನುತ್ತದೆ.

ಮನೆ ಮುಂದೆ ನಿಲ್ಲಿಸಿ ಮತ್ತೆ ಬಾನೆಟ್ ತೆರೆದರು. ಮೆಕ್ಯಾನಿಕ್ ಬಟ್ಟೆ ಸುತ್ತಿ ಕೂಲಂಟ್ ಟ್ಯಾಂಕಿನ ಮುಚ್ಚಳವನ್ನು ಮೆಲ್ಲಗೆ ತಿರುಗಿಸಿದ. ಬುಸ್ಸೆಂದು ಗಾಳಿ ಹೋಯಿತು. ಈ ಟ್ಯಾಂಕಿನೊಳಗೆ ಮಟ್ಟ ತೋರಿಸಲು ಕೆಂಪು ಕಡ್ಡಿಯೊಂದು ತೇಲುತ್ತಿರುತ್ತದೆ. ಅದನ್ನು ಅವನು ಎರಡು ಬೆರಳಿನಲ್ಲಿ ಹಿಡಿದು ಎತ್ತಿದ. ಕೆಂಪು ಕಾಣಿಸಲೇ ಇಲ್ಲ. ತುದಿಯಿಂದ ಬುಡದವರೆಗೆ ಕಪ್ಪು ಎಣ್ಣೆ. ನಿಧಾನವಾಗಿ ಒಂದೊಂದೇ ಹನಿ ತೊಟ್ಟಿಕ್ಕುತ್ತಿತ್ತು, ಅವನು ಅದು ತೊಟ್ಟಿಕ್ಕುವುದನ್ನು ನನಗೆ ತೋರಿಸುತ್ತಲೇ ನಿಂತ. ಒಂದು ಮಾತಿಲ್ಲ. ಹಿರಿಯರು ಮಾತ್ರ "ಅಯ್ಯೋ ಪಾಪ" ಎಂದರು. ನನಗೆ! "ನೀವು ಬೇಕೆಂದು ಮುಚ್ಚಿಟ್ಟಿರಲಿಕ್ಕಿಲ್ಲ, ನಿಮಗೂ ಗೊತ್ತಿರಲಿಲ್ಲವೇನೋ" ಎಂದು ಸಮಾಧಾನ ಬೇರೆ.

ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದರು. ಸಿಲಿಂಡರುಗಳಿರುವ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವೆ ಎಣ್ಣೆ, ಕೂಲಂಟ್ ಬೆರೆಯದಂತೆ ತಡೆಯುವ ಹಾಳೆ ಅದು. ಎಂ54ರ ಬ್ಲಾಕ್ ಅಲ್ಯೂಮಿನಿಯಮ್ಮಿನದು. ವಿಪರೀತ ಬಿಸಿಯಾದರೆ ಹೆಡ್ ಬೋಲ್ಟುಗಳು ಕೂರುವ ತಿರುಪಿನ ಎಳೆಗಳೇ ಬ್ಲಾಕಿನಿಂದ ಕಿತ್ತು ಬರುತ್ತವೆ, ಆಮೇಲೆ ಹೊಸ ಗ್ಯಾಸ್ಕೆಟ್ ಹಾಕಿದರೂ ಬಿಗಿ ನಿಲ್ಲುವುದಿಲ್ಲ. ಇದು ನಿಜ. ಅವರು ಹೇಳಿದ್ದರಲ್ಲಿ ಇಂಥ ನಿಜಗಳೇ ಹೆಚ್ಚು. ಎಂಜಿನ್ನಿನ ಎಣ್ಣೆ ನೋಡಲು ನಾನು ಅದರ ಅಳತೆಕಡ್ಡಿಗೆ (ಡಿಪ್‌ಸ್ಟಿಕ್) ಕೈ ಹಾಕಲು ಹೋದೆ. "ಬಿಸಿ ಇದೆ ಸರ್, ಕೈ ಸುಟ್ಟುಕೊಳ್ಳುತ್ತೀರಿ" ಎಂದು ಮೆಕ್ಯಾನಿಕ್ ಅಡ್ಡ ಬಂದ. ಒತ್ತಡದಲ್ಲಿದ್ದ ಟ್ಯಾಂಕಿನ ಮುಚ್ಚಳವನ್ನು ಆಗತಾನೇ ತೆಗೆದವನು ಈ ಮಹಾಶಯ!

ಆಮೇಲಿನದು ನಿಮಗೇ ಗೊತ್ತು. ಮೊದಲು ವ್ಯಾಪಾರ ಬೇಡವೆಂದು ಎದ್ದರು. ಹುಡುಗ ಮುಖ ಸಪ್ಪಗೆ ಮಾಡಿಕೊಂಡ. ಗೇಟಿನವರೆಗೆ ಹೋದ ಹಿರಿಯರು ಹಿಂತಿರುಗಿದರು. "ಹುಡುಗನಿಗೆ ಮನಸ್ಸಾಗಿದೆ, ಎಂಜಿನ್ ತೆರೆದ ಮೇಲೆ ಖರ್ಚು ಎಲ್ಲಿಗೆ ಮುಟ್ಟುತ್ತದೋ ದೇವರೇ ಬಲ್ಲ, ಆದರೂ ನಿಮ್ಮ ಮುಖ ನೋಡಿ ಹೇಳುತ್ತಿದ್ದೇನೆ" ಎಂದು ಒಂದು ಮೊತ್ತ ಹೇಳಿದರು. ನಾನು ಕೇಳಿದ್ದರ ಅರ್ಧವೂ ಅಲ್ಲ. ಸ್ವಲ್ಪ ಎಳೆದಾಡಿ ಅರ್ಧಕ್ಕೆ ತಂದೆ. ಚೌಕಾಸಿಯಲ್ಲಿ ಗೆದ್ದೆನೆಂದು ಒಳಗೊಳಗೇ ಅಂದುಕೊಂಡೆ ಎನ್ನುವುದನ್ನು ಬರೆಯಲು ನಾಚಿಕೆಯಾಗುತ್ತಿದೆ. 'ಇದ್ದ ಸ್ಥಿತಿಯಲ್ಲಿ ಮಾರಿದ್ದೇನೆ' ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಕಾಗದ ಅವರ ಬಳಿ ಸಿದ್ಧವಾಗಿಯೇ ಇತ್ತು.

ಹುಡುಗ ಕಾರು ಹತ್ತಿ ಹೊರಟ. ಹೌದು, ಓಡಿಸಿಕೊಂಡು. ಹೆಡ್ ಗ್ಯಾಸ್ಕೆಟ್ ಹೋದ, ಇನ್ನಷ್ಟು ಬಿಸಿಯಾದರೆ ಬ್ಲಾಕೇ ಕೆಡುವ ಕಾರನ್ನು ಎಳೆದೊಯ್ಯುವ ವಾಹನ ಕರೆಸದೆ ಆರಾಮವಾಗಿ ಓಡಿಸಿಕೊಂಡು ಹೊರಟ. ತಿರುವಿನಲ್ಲಿ ಎರಡನೆಯ ಗೇರಿನಲ್ಲಿ ಚೆನ್ನಾಗಿ ಎಳೆದ. ಆ ಎಂಜಿನ್ನಿನ ದನಿ ನನಗೆ ಗೊತ್ತು, ಒಂದು ಸಿಲಿಂಡರೂ ತಡವರಿಸಲಿಲ್ಲ. ಸೈಲೆನ್ಸರಿನಿಂದ ಒಂದು ಎಳೆ ಹೊಗೆ ಬರಲಿಲ್ಲ. ಒಂದೇ ಒಂದು ಎಳೆ! ಆಗಲೇ ನನ್ನ ಹೊಟ್ಟೆಯೊಳಗೆ ಏನೋ ಕುಸಿದದ್ದು.

ಮೆಕ್ಯಾನಿಕ್ಕಿನ ಬಟ್ಟೆ ಅಲ್ಲೇ ಬಿದ್ದಿತ್ತು. ಎತ್ತಿ ನೋಡಿದೆ. ಕಡುಗಪ್ಪು, ಹಳೆಯ ಎಣ್ಣೆ. ನನ್ನ ಎಂಜಿನ್ನಿನಲ್ಲಿದ್ದದ್ದು ಆಗತಾನೇ ತುಂಬಿಸಿದ, ಇನ್ನೂ ಜೇನಿನ ಬಣ್ಣದ ಎಣ್ಣೆ. ಗ್ಯಾಸ್ಕೆಟ್ ಸೋರಿ ಎಣ್ಣೆ ಟ್ಯಾಂಕಿಗೆ ಬಂದಿದ್ದರೆ ಆ ಎಣ್ಣೆಯೇ ಬರಬೇಕು. ಅದೂ ಇಷ್ಟು ಅಚ್ಚುಕಟ್ಟಾಗಿ ಮೇಲೆ ತೇಲದೆ, ಕೂಲಂಟಿನ ಜೊತೆ ಕಲಸಿಕೊಂಡು ಕೆನೆಗಟ್ಟಿರುತ್ತದೆ. ಕೂಲಂಟ್ ಸಿಲಿಂಡರಿಗೆ ಇಳಿದರೆ ಬರುವುದು ಬಿಳಿ ಹೊಗೆ, ಸಿಹಿ ವಾಸನೆ. ಇದು ನೀಲಿ, ಸುಟ್ಟ ಎಣ್ಣೆಯ ವಾಸನೆ. ನಾನು ಒಳಗಿದ್ದಾಗ ಟ್ಯಾಂಕಿಗೆ ಒಂದಿಷ್ಟು, ಸೈಲೆನ್ಸರಿನ ಬಾಯಿಗೆ ಒಂದಿಷ್ಟು ಎಣ್ಣೆ ಸುರಿದಿದ್ದಾರೆ. ಕೊಳವೆ ಕಾದಾಗ ಎಣ್ಣೆ ಹೊಗೆಯಾಯಿತು, ಸುಟ್ಟು ಮುಗಿದ ಮೇಲೆ ಹೊಗೆಯೂ ನಿಂತಿತು.

ಕೂಡಲೇ ಫೋನ್ ಮಾಡಿದೆ. ಎತ್ತಲಿಲ್ಲ. ಸಂದೇಶ ಕಳಿಸಿದೆ. ಉತ್ತರ ಬಂತು: "ಕಾರು ಗ್ಯಾರೇಜಿನಲ್ಲಿದೆ ಸರ್, ನೀವು ಹೇಳಿದ್ದಕ್ಕಿಂತ ಸ್ಥಿತಿ ಕೆಟ್ಟದಾಗಿದೆ, ನಾವೇ ನಷ್ಟದಲ್ಲಿದ್ದೇವೆ." ನಾನು ಹೇಳಿದ್ದೆನಂತೆ! ಕೆಲವೇ ದಿನಗಳಲ್ಲಿ ಅದೇ ಕಾರು ಮತ್ತೆ ಮಾರಾಟಕ್ಕೆ ಬಂತು. ನಾನು ತೆಗೆದ ಫೋಟೊಗಳು, ನಾನು ಕೈಯಾರೆ ಬರೆದಿದ್ದ ಸರ್ವಿಸ್ ಪಟ್ಟಿಯ ಫೋಟೊ ಕೂಡ. ಬೆಲೆ ನಾನು ಕೇಳಿದ್ದಕ್ಕಿಂತ ಹೆಚ್ಚು. ಗೆಳೆಯನೊಬ್ಬ ಗಿರಾಕಿಯಂತೆ ಫೋನ್ ಮಾಡಿ ಎಂಜಿನ್ ವಿಚಾರಿಸಿದ. ಅದೇ ಹಿರಿಯರು, ಅದೇ ಮೃದು ದನಿ: "ಎಂಜಿನ್ ಒಮ್ಮೆಯೂ ತೆರೆದಿಲ್ಲ ಸರ್, ತೆರೆಯುವ ಅಗತ್ಯವೇ ಬಂದಿಲ್ಲ. ಹಿಂದಿನ ಮಾಲೀಕರು ಮಗುವಿನಂತೆ ನೋಡಿಕೊಂಡಿದ್ದಾರೆ."

ಅದನ್ನು ಮುಂದಿಟ್ಟು ಕೇಳಿದ್ದಕ್ಕೆ ಬಂದ ಉತ್ತರವನ್ನು ಇದ್ದಂತೆಯೇ ಕೊಡುತ್ತೇನೆ: "ವ್ಯಾಪಾರ ಮುಗಿದಿದೆ. ನಿಮ್ಮ ಸಹಿ ಇದೆ. ದೋಷವಿದ್ದ ಕಾರು ಮಾರಿದವರು ನೀವು, ದೂರು ಕೊಡಬೇಕಾದವರು ನಾವು." ಅದಾದ ಮೇಲೆ ನನ್ನ ಸಂಖ್ಯೆಯನ್ನು ತಡೆಹಿಡಿದರು. ನಾನು ಪೊಲೀಸರಿಗೆ ದೂರು ಕೊಟ್ಟಿದ್ದೇನೆ, ಬಟ್ಟೆಯನ್ನೂ ಕೊಟ್ಟಿದ್ದೇನೆ. ಬಟ್ಟೆ ನೋಡಿ ಅವರು ನಕ್ಕರು, ಇರಲಿ.

ಮಾರುವವರಿಗೆ ನನ್ನ ಮಾತು ಇಷ್ಟೇ. ಕಾಗದಪತ್ರ, ಎರಡನೆಯ ಕೀಲಿ ಎಲ್ಲವನ್ನೂ ಮೊದಲೇ ಕೈಯಲ್ಲಿಟ್ಟುಕೊಂಡು ನಿಲ್ಲಿ. ಬಂದವರು ಒಬ್ಬರಿಗಿಂತ ಹೆಚ್ಚಿದ್ದರೆ ನಿಮ್ಮ ಕಡೆಯವರೂ ಒಬ್ಬರು ಇರಲಿ. ಕೊಳ್ಳಲು ಬಂದವರ ಎದುರಿನಲ್ಲೇ ಎಂದೂ ಇಲ್ಲದ ರೋಗ ಕಾಣಿಸಿಕೊಂಡರೆ ಆ ದಿನ ವ್ಯಾಪಾರವನ್ನೇ ಮಾಡಬೇಡಿ. ಗ್ಯಾರೇಜಿನಲ್ಲಿ ಟ್ಯಾಂಕಿನ ಬಾಯಿಗೆ ನೀಲಿ ದ್ರವದ ಕೊಳವೆಯಿಟ್ಟು ಪರೀಕ್ಷೆ ಮಾಡುತ್ತಾರೆ. ಸಿಲಿಂಡರಿನ ಅನಿಲ ಕೂಲಂಟಿಗೆ ಸೇರುತ್ತಿದ್ದರೆ ನೀಲಿ ಹಳದಿಗೆ ತಿರುಗುತ್ತದೆ. ಅದಕ್ಕೆ ಹೆಚ್ಚು ಹೊತ್ತು ಬೇಡ. ಅಷ್ಟು ಹೊತ್ತು ಕಾಯಲಾರದವನು ಕೊಳ್ಳಲು ಬಂದವನಲ್ಲ. ಮೃದು ಮಾತಿನ ಹಿರಿಯರನ್ನು ಕರೆತರುವವರನ್ನು ನಾನಂತೂ ಇನ್ನು ಗೇಟಿನ ಒಳಗೆ ಬಿಡುವುದಿಲ್ಲ.

ಆ ಕಾರನ್ನು ಈಗ ಕೊಳ್ಳಲು ಹೊರಟಿರುವವರಿಗೂ ಒಂದು ಮಾತು. ಕಾರು ನಿಜವಾಗಿಯೂ ಒಳ್ಳೆಯದು. ಆದರೆ ಕೂಲಂಟಿಗೆ ಎಣ್ಣೆ ಬಿದ್ದಿದೆ, ಅವರು ಅದನ್ನು ಸರಿಯಾಗಿ ತೊಳೆದಿರುತ್ತಾರೆ ಎಂಬ ನಂಬಿಕೆ ನನಗಿಲ್ಲ. ಕೂಲಂಟ್ ಕೊಳವೆಗಳ ರಬ್ಬರಿಗೆ ಎಂಜಿನ್ ಎಣ್ಣೆ ಆಗಿಬರುವುದಿಲ್ಲ, ಉಬ್ಬಿ ಮೆತ್ತಗಾಗುತ್ತದೆ. ರೇಡಿಯೇಟರಿನ ಮೇಲಿನ ಕೊಳವೆಯನ್ನು ಹಿಚುಕಿ ನೋಡಿ, ಮುಚ್ಚಳ ತೆಗೆದು ಕೆಂಪು ಕಡ್ಡಿಯನ್ನು ಎತ್ತಿ ನೋಡಿ, ಎಂಜಿನ್ ತಣ್ಣಗಿರುವಾಗ. ಜಿಡ್ಡು ಕಂಡರೆ ಎಲ್ಲ ಕೊಳವೆಗಳನ್ನೂ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಎಣ್ಣೆ ಎಲ್ಲಿಂದ ಬಂತೆಂದು ಆ ಹಿರಿಯರನ್ನೇ ಕೇಳಿ, ಅವರು ಏನೆಂದರು ಎನ್ನುವುದನ್ನು ನನಗೂ ತಿಳಿಸಿ.