ಮುಳುಗಿದ ಕಾಡೋ, ಫೊರಾಮಿನಿಫೆರಾವೋ, ಡಯಾಟಮೋ?

ಹಳೆಯ ಕರಾವಳಿ ಯಾವಾಗ ಮುಳುಗಿತು ಎಂಬುದು ನಿಮ್ಮ ಪ್ರಶ್ನೆಯಾದರೆ ಮರದ ಬೊಡ್ಡೆಗಳಿಂದಲೇ ಶುರುಮಾಡಿ. ವೇಲ್ಸ್‌ನ ಬೋರ್ತ್ ಕಡಲತೀರದಲ್ಲಿ ಇಳಿತದ ಹೊತ್ತಿಗೆ ಕಾಣುವಂಥವು ಇವು. ಬೇರು ಪೀಟ್ (ಅರೆಕೊಳೆತ ಗಿಡಗಳ ಜವುಗು ಮಣ್ಣು) ಪದರದೊಳಗೇ ಹರಡಿಕೊಂಡಿದೆಯೇ ನೋಡಿ; ತೇಲಿ ಬಂದ ದಿಮ್ಮಿಯಿಂದ ಪ್ರಯೋಜನವಿಲ್ಲ. ರೇಡಿಯೋಕಾರ್ಬನ್ ಕಾಲನಿರ್ಣಯಕ್ಕೆ ತೊಗಟೆಗೆ ಅಂಟಿದ ಉಂಗುರವನ್ನೇ ಕೊಡಿ. 200 ವರ್ಷ ಬಾಳಿದ ಓಕ್‌ನ ತಿರುಳನ್ನು ಕೊಟ್ಟರೆ ಮರ ಸತ್ತ ಕಾಲ ಸುಮಾರು ಅಷ್ಟೇ ವರ್ಷ ಹಿಂದಕ್ಕೆ ಸರಿಯುತ್ತದೆ.

ಆದರೆ ಸಮುದ್ರ ಎಷ್ಟು ಎತ್ತರದಲ್ಲಿತ್ತು ಎಂದು ಬೊಡ್ಡೆ ಹೇಳದು, ತನಗಿಂತ ಕೆಳಗಿತ್ತು ಎಂದಷ್ಟೇ ಹೇಳುತ್ತದೆ. ಎತ್ತರ ಬೇಕಾದರೆ ಉಪ್ಪು ಜವುಗಿನ ಫೊರಾಮಿನಿಫೆರಾ, ಅಂದರೆ ಚಿಪ್ಪುಳ್ಳ ಸೂಕ್ಷ್ಮ ಏಕಕೋಶ ಜೀವಿಗಳನ್ನು ನೋಡಬೇಕು. ಅವುಗಳಲ್ಲಿ ಜಡಮಿನಾ ಮ್ಯಾಕ್ರೆಸೆನ್ಸ್ ಎಂಬ ಜಾತಿ ಹೇರಳವಾಗಿದ್ದರೆ ಆ ಪದರ ಭರತದ ಮೇಲಂಚಿನ ಹತ್ತಿರವಿತ್ತು ಎಂದರ್ಥ. ಕೆಲಸವೂ ಸರಳ: 63 ಮೈಕ್ರಾನ್ ಜರಡಿಯಲ್ಲಿ ತೊಳೆದು, ಒದ್ದೆಯಾಗಿರುವಾಗಲೇ ಸ್ಟೀರಿಯೋ ಸೂಕ್ಷ್ಮದರ್ಶಕದಡಿ 200ರಷ್ಟು ಎಣಿಸಿ. ಒಣಗಿಸಿದರೆ ಮರಳಿನ ಕಣ ಅಂಟಿಸಿಕೊಂಡ ನಾಜೂಕು ಚಿಪ್ಪುಗಳು ಕುಸಿಯುತ್ತವೆ. ಸುಣ್ಣದ ಚಿಪ್ಪುಗಳನ್ನಂತೂ ಆಮ್ಲೀಯ ಪೀಟ್ ಕರಗಿಸಿಬಿಟ್ಟಿರಬಹುದು. ಅವು ಕಾಣಲಿಲ್ಲವೆಂದು ಸಿಹಿನೀರು ಎಂದು ತೀರ್ಮಾನಿಸಬೇಡಿ.

ಸಿಹಿನೀರಿನ ಕೆರೆಗೆ ಕಡಲು ನುಗ್ಗಿದ ಜಾಗವಾದರೆ ಡಯಾಟಮ್ (ಗಾಜಿನಂಥ ಚಿಪ್ಪಿನ ಸೂಕ್ಷ್ಮ ಪಾಚಿ) ಮೇಲು, ಸಿಹಿನೀರಿನಿಂದ ಉಪ್ಪಿನವರೆಗೆ ಎಲ್ಲ ಹಂತದಲ್ಲೂ ಸಿಗುತ್ತದೆ. ಶ್ರಮ ಮಾತ್ರ ಹೆಚ್ಚು: ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಸಾವಯವ ಕಳೆದು, 1000 ಪಟ್ಟು ಹಿಗ್ಗಿಸಿ ಗುರುತಿಸಬೇಕು. ಜಾತಿಗಳು ನೂರಾರು, ಅಲೆ ತಂದು ಹಾಕಿದವೂ ಬೆರೆತಿರುತ್ತವೆ.

ಯಾವುದನ್ನೇ ಆರಿಸಿ, ಸಾಧ್ಯವಾದರೆ ಗಟ್ಟಿ ನೆಲಕ್ಕೆ ತಾಗಿದ ತಳದ ಪೀಟನ್ನೇ ತೆಗೆಯಿರಿ. ಮೇಲಿನ ಪದರಗಳು ತೂಕಕ್ಕೆ ಅದುಮಿ ಕೆಳಗಿಳಿದಿರುತ್ತವೆ.