ಕರೆಂಟ್ ಹೋದರೆ ಗಣಿಯ ಲಾಭವೂ ಇಳಿಯುವ ಸಾಫ್ಟ್‌ವೇರ್

ತೆರೆದ ಗಣಿಯಲ್ಲಿ ಯಾವ ವರ್ಷ ಯಾವ ಭಾಗ ಅಗೆಯಬೇಕು ಅಂತ ಲೆಕ್ಕ ಹಾಕಿಕೊಡುವ ಸಾಫ್ಟ್‌ವೇರ್ ಇದು. ಲೈಸೆನ್ಸ್ ಆಫೀಸಿನದು, ಹಾಗಾಗಿ ಹೆಸರು ಬೇಡ. ಬಣ್ಣಬಣ್ಣದ ಚಿತ್ರ, ರಿಪೋರ್ಟು, ಎಕ್ಸೆಲ್‌ಗೆ ಕಳಿಸುವುದು ಎಲ್ಲಾ ಬ್ರೋಷರ್‌ನಲ್ಲೇ ಇರುತ್ತದೆ. ನಾನು ಬರೆಯುತ್ತಿರುವುದು ‘ಸರ್ಚ್ ಸೆಟ್ಟಿಂಗ್ಸ್’ ಅನ್ನುವ ಒಂದು ಪುಟದ ಬಗ್ಗೆ ಮಾತ್ರ. ನನ್ನ ತಲೆ ತಿಂದಿದ್ದೂ ಅದೇ, ಈಗ ಅನ್ನ ಹಾಕುತ್ತಿರುವುದೂ ಅದೇ.

ಗಣಿ ಇರುವುದು ಸಂಡೂರಿನ ಕಡೆ. ನಾನಿರುವುದು ತೀರ್ಥಹಳ್ಳಿ ಹತ್ತಿರದ ಮನೆಯಲ್ಲಿ. ಪ್ಲಾನಿಂಗ್ ಕೆಲಸಕ್ಕೆ ಲ್ಯಾಪ್‌ಟಾಪ್ ಇದ್ದರೆ ಸಾಕು, ಆಗಾಗ ಹೋಗಿ ಬಂದರಾಯಿತು. ರಾತ್ರಿ ಊಟಕ್ಕೆ ಏಳುವ ಮೊದಲು ರನ್ ಹಾಕುತ್ತೇನೆ. ಲ್ಯಾಪ್‌ಟಾಪಿನ ಅಡಿಗೆ ಎರಡು ರೀಪರ್ ತುಂಡು ಇಡುತ್ತೇನೆ, ಇಲ್ಲದಿದ್ದರೆ ಬಿಸಿಯಾಗಿ ಫ್ಯಾನ್ ಕಿರುಚುತ್ತದೆ. ಬ್ರೌಸರ್ ಮುಚ್ಚಿ, ವಿಂಡೋಸ್ ಅಪ್‌ಡೇಟ್ ನಿಲ್ಲಿಸಿ, ಬಟನ್ ಒತ್ತಿ ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ಕೂರುತ್ತೇನೆ. ಮೊದಲು ಲಾಭದ ಅಂಕಿ ಕೋಟಿಗಳಲ್ಲಿ ಹಾರುತ್ತದೆ. ಆಮೇಲೆ ಲಕ್ಷಗಳಲ್ಲಿ. ಆಮೇಲೆ ಒಂದೇ ಸಂಖ್ಯೆ ಸಾಲು ಸಾಲಾಗಿ ಬೀಳತೊಡಗುತ್ತದೆ. ಅಮ್ಮ ಎರಡನೇ ಸಲ ಕರೆಯುವುದು ಸರಿಯಾಗಿ ಆ ಹೊತ್ತಿಗೇ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಗ್ರಾಫ್ ತೆರೆಯುವ ಖುಷಿ ಈ ಕೆಲಸದಲ್ಲಿ ಬೇರೆ ಯಾವುದಕ್ಕೂ ಇಲ್ಲ.

ಜುಲೈ ಬಂತು ಅಂದರೆ ಆ ಖುಷಿಗೆ ಕಲ್ಲು. ಗಾಳಿಗೆ ಎಲ್ಲೋ ಲೈನ್ ಮೇಲೆ ಮರ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಲ್ಯಾಪ್‌ಟಾಪ್ ಬ್ಯಾಟರಿಗೆ ಇಳಿಯುತ್ತದೆ. ಚಾರ್ಜ್ ಉಳಿಸಲು ಪ್ರೊಸೆಸರ್ ತನ್ನ ವೇಗ ಇಳಿಸಿಕೊಳ್ಳುತ್ತದೆ. ಬೆಳಿಗ್ಗೆ ನೋಡಿದರೆ ರನ್ ಮುಗಿದಿದೆ, ಎರರ್ ಇಲ್ಲ, ಎಲ್ಲಾ ಹಸಿರು ಗುರುತು. ಆದರೆ ಗಣಿಯ ಒಟ್ಟು ಬೆಲೆ ಹಿಂದಿನ ದಿನಕ್ಕಿಂತ ಒಂದು ಪರ್ಸೆಂಟಿಗೂ ಜಾಸ್ತಿ ಕಡಿಮೆ! ಅದೇ ಫೈಲನ್ನು ಆಫೀಸಿನ ದೊಡ್ಡ ಕಂಪ್ಯೂಟರಿನಲ್ಲಿ ಓಡಿಸಿದರೆ ಮೂರನೇ ಉತ್ತರ. ‘ಏನಮ್ಮಾ, ನಿಮ್ಮೂರಲ್ಲಿ ಅದಿರಿಗೆ ರೇಟು ಬೇರೆನಾ?’ ಅಂತ ನಮ್ಮ ಸಾಹೇಬರು ಮೀಟಿಂಗಿನಲ್ಲೇ ಕೇಳಿದರು. ಸಾವಿರ ಕೋಟಿಯ ಗಣಿಯಲ್ಲಿ ಒಂದು ಪರ್ಸೆಂಟ್ ಅಂದರೆ ಹತ್ತು ಕೋಟಿ. ನಗುವ ವಿಷಯ ಅಲ್ಲ.

ಕಾರಣ ಇಷ್ಟೇ. ಹುಡುಕಾಟ ಯಾವಾಗ ನಿಲ್ಲಬೇಕು ಅನ್ನುವುದನ್ನು ಈ ಸಾಫ್ಟ್‌ವೇರ್ ಗಡಿಯಾರ ನೋಡಿ ತೀರ್ಮಾನಿಸುತ್ತದೆ. ಇಂತಿಷ್ಟು ಗಂಟೆ ಆಯಿತಾ, ಸಿಕ್ಕಿದ್ದನ್ನು ಕೊಟ್ಟು ಎದ್ದು ಹೋಗುತ್ತದೆ. ನಿಧಾನದ ಮೆಷಿನ್ ಅಷ್ಟೇ ಹೊತ್ತಿನಲ್ಲಿ ಕಡಿಮೆ ಜಾಗ ತಡಕಾಡಿರುತ್ತದೆ, ಅದಕ್ಕೇ ಉತ್ತರವೂ ಸಪ್ಪೆ.

‘ಹುಡುಕಾಟ ಯಾಕೆ, ನೇರವಾಗಿ ಲೆಕ್ಕ ಮಾಡೋಕಾಗಲ್ವಾ’ ಅಂತ ಕೇಳುವವರಿಗೆ: ಗಣಿ ಕೊನೆಗೆ ಎಷ್ಟು ಅಗಲ, ಎಷ್ಟು ಆಳ ಇರಬೇಕು ಅನ್ನುವುದಕ್ಕೆ ಖಚಿತ ಉತ್ತರ ಕೊಡುವ ವಿಧಾನವನ್ನು ಸಂಶೋಧಕರಾದ ಲರ್ಕ್ಸ್ ಮತ್ತು ಗ್ರಾಸ್‌ಮನ್ 1965ರಲ್ಲೇ ಕೊಟ್ಟರು. ಕಷ್ಟ ಇರುವುದು ವರ್ಷ ಹಂಚುವುದರಲ್ಲಿ. ಗುಡ್ಡವನ್ನು ಒಂದು ಲಕ್ಷ ಬ್ಲಾಕ್ ಮಾಡಿ ಹತ್ತು ವರ್ಷಕ್ಕೆ ಹಂಚಿದರೆ, ‘ಈ ಬ್ಲಾಕ್ ಈ ವರ್ಷವೋ ಅಲ್ಲವೋ’ ಅನ್ನುವ ಪ್ರಶ್ನೆಗಳೇ ಹತ್ತು ಲಕ್ಷ ಆಗುತ್ತವೆ. ಮೇಲಿನದ್ದು ತೆಗೆಯದೆ ಕೆಳಗಿನದ್ದು ಬರುವುದಿಲ್ಲ. ಬಡ್ಡಿ ದರ 10 ಪರ್ಸೆಂಟ್ ಹಿಡಿದರೆ ಮುಂದಿನ ವರ್ಷದ 100 ರೂಪಾಯಿಗೆ ಇವತ್ತಿನ ಬೆಲೆ ಸುಮಾರು 91 ಮಾತ್ರ, ಹಾಗಾಗಿ ಒಳ್ಳೆಯ ಅದಿರು ಬೇಗ ಬೇಕು. ಇಷ್ಟು ದೊಡ್ಡ ಲೆಕ್ಕಕ್ಕೆ ಪಕ್ಕಾ ಉತ್ತರ ಸಿಗುವವರೆಗೆ ಕಾಯಲು ಸಾಮಾನ್ಯವಾಗಿ ಆಗುವುದಿಲ್ಲ. ಒಂದು ಪ್ಲಾನ್ ಹಿಡಿದು, ಅಲ್ಲಲ್ಲಿ ಬಿಚ್ಚಿ ಮತ್ತೆ ಜೋಡಿಸಿ, ಚೆನ್ನಾಗಾಯಿತಾ ಅಂತ ನೋಡುತ್ತಾ ಹೋಗಬೇಕು.

ಇಲ್ಲಿಂದ ನನ್ನ ಸಿಟ್ಟು ಸ್ವಲ್ಪ ಇಳಿಯುತ್ತದೆ. ಅದೇ ಪುಟದ ತಳದಲ್ಲಿ ‘ಅಡ್ವಾನ್ಸ್ಡ್’ ಅಂತ ಬೂದು ಬಣ್ಣದ ಸಣ್ಣ ಬಾಣ ಇದೆ. ಒತ್ತಿದರೆ ಇನ್ನೊಂದು ಲೋಕವೇ ತೆರೆದುಕೊಳ್ಳುತ್ತದೆ. ಗಡಿಯಾರದ ಬದಲು ಇಷ್ಟು ಸುತ್ತು ಆದ ಮೇಲೆ ನಿಲ್ಲು ಅನ್ನಬಹುದು. ಇಷ್ಟು ಸುತ್ತು ಏನೂ ಸುಧಾರಿಸದಿದ್ದರೆ ನಿಲ್ಲು ಅನ್ನಬಹುದು. ಗ್ಯಾಪ್ ಇಷ್ಟಕ್ಕೆ ಇಳಿದರೆ ಸಾಕು ಅನ್ನಬಹುದು. ಗ್ಯಾಪ್ ಅಂದರೆ ಸಿಕ್ಕ ಲಾಭಕ್ಕೂ, ಯಾರೇ ಮಾಡಿದರೂ ದಾಟಲಾಗದ ಮೇಲ್ಮಿತಿಗೂ ಇರುವ ಅಂತರ. ಜೊತೆಗೆ ರ‍್ಯಾಂಡಮ್ ಸೀಡ್. ಹುಡುಕಾಟ ಯಾವ ದಾರಿ ಹಿಡಿಯಬೇಕು ಅಂತ ತೀರ್ಮಾನಿಸುವ ಸಂಖ್ಯೆ ಅದು. ಖಾಲಿ ಬಿಟ್ಟರೆ ಪ್ರತಿ ಸಲ ಹೊಸ ದಾರಿ ಹಿಡಿಯುತ್ತದೆ. ನಾನು ಸೀಡ್ ತುಂಬಿ, ಸುತ್ತಿನ ಲೆಕ್ಕ ಹಾಕಿದೆ. ಕರೆಂಟ್ ಹೋದ ದಿನ ರನ್ ಮುಗಿಯುವುದು ತಡವಾಯಿತು ಅಷ್ಟೇ, ಉತ್ತರ ಒಂದೇ ಬಂತು. ಸಾಹೇಬರ ಕಂಪ್ಯೂಟರಿನಲ್ಲೂ ಅದೇ.

ಇದು ಅಪರೂಪದ ಸೌಲಭ್ಯವೇನಲ್ಲ. ಇಂಥ ಲೆಕ್ಕ ಬಿಡಿಸಲೆಂದೇ ಇರುವ ಸಿಪ್ಲೆಕ್ಸ್, ಗುರೋಬಿಯಂಥ ಸಾಲ್ವರ್‌ಗಳಲ್ಲೂ ಗಡಿಯಾರ ಬಿಟ್ಟು ಮಾಡಿದ ಕೆಲಸದ ಅಳತೆಯಲ್ಲಿ ನಿಲ್ಲಿಸುವ ಆಯ್ಕೆ ಇದೆ. ನಮ್ಮ ಸಾಫ್ಟ್‌ವೇರಿನವರು ಅದನ್ನು ಮುಂದೆ ಇಡುವ ಬದಲು ಬಾಣದೊಳಗೆ ಯಾಕೆ ಬಚ್ಚಿಟ್ಟರೋ! ಮ್ಯಾನ್ಯುಯಲ್‌ನಲ್ಲೂ ಇದಕ್ಕೆ ಅರ್ಧ ಪುಟ ಇಲ್ಲ.

ಬಾಣದೊಳಗಿನ ಉಳಿದ ಅಂಕಿಗಳನ್ನು ದೊಡ್ಡ ಗಣಿಯ ಮೇಲೆ ಪರೀಕ್ಷೆ ಮಾಡಲು ಹೋಗಬೇಡಿ, ವಾರ ಹಿಡಿಯುತ್ತದೆ. 2013ರಲ್ಲಿ ಪ್ರಕಟವಾದ ಮೈನ್‌ಲಿಬ್ ಅನ್ನುವ ಸಂಗ್ರಹದಲ್ಲಿ ಪರೀಕ್ಷೆಗೆಂದೇ ಇಟ್ಟ ಗಣಿಗಳಿವೆ. ಅದರಲ್ಲಿ ನ್ಯೂಮನ್1 ಅಂತ ಬರೀ 1,060 ಬ್ಲಾಕಿನ ಪುಟಾಣಿ ಗಣಿ. ಮಾರ್ವಿನ್ ಅನ್ನುವುದು 53,271 ಬ್ಲಾಕಿನದು. ಎಲ್ಲಿವರೆಗೆ ಹೋಗಬಹುದು ಅನ್ನುವ ಮೇಲ್ಮಿತಿಯನ್ನೂ ಅವರೇ ಕೊಟ್ಟಿದ್ದಾರೆ, ನಮ್ಮ ಸೆಟ್ಟಿಂಗ್ ಎಷ್ಟು ಹತ್ತಿರ ಹೋಯಿತು ಅಂತ ತಕ್ಷಣ ಗೊತ್ತಾಗುತ್ತದೆ. ನಾನು ಮಧ್ಯಾಹ್ನದ ಹೊತ್ತು ನ್ಯೂಮನ್ ಮೇಲೆ ಆಟ ಆಡಿ, ಒಪ್ಪಿದ್ದನ್ನು ಮಾತ್ರ ರಾತ್ರಿ ನಮ್ಮ ಗಣಿಗೆ ಹಾಕುತ್ತೇನೆ.

ಒಂದೇ ಸಲ ಎಷ್ಟು ಬ್ಲಾಕ್ ಬಿಚ್ಚಿ ಜೋಡಿಸಬೇಕು ಅನ್ನುವ ಅಂಕಿಯನ್ನು ಮೊದಲು ದೊಡ್ಡದಿಟ್ಟು ಆಮೇಲೆ ಕಿರಿದು ಮಾಡುವುದು ನನಗೆ ಒಗ್ಗಿದೆ. ದಂಡದ ಅಂಕಿ ಇನ್ನೂ ಸೂಕ್ಷ್ಮ. ಅದಿರಿನಲ್ಲಿ ಕಬ್ಬಿಣದ ಅಂಶ ಗುರಿಗಿಂತ ಆಚೀಚೆ ಹೋದರೆ ಲಾಭದಲ್ಲಿ ಎಷ್ಟು ಕಳೆಯಬೇಕು ಅನ್ನುವ ಅಂಕಿ ಅದು. ಕಡಿಮೆ ಇಟ್ಟರೆ ರಾಶಿಯಿಂದ ಒಳ್ಳೆ ಅಡಿಕೆಯನ್ನಷ್ಟೇ ಆರಿಸಿಕೊಂಡು ಹೋದ ಹಾಗೆ ಮೊದಲೆರಡು ವರ್ಷದಲ್ಲೇ ಒಳ್ಳೆ ಅದಿರೆಲ್ಲ ಖಾಲಿ. ಜಾಸ್ತಿ ಇಟ್ಟರೆ ಹುಡುಕಾಟ ಹೆದರಿ ಒಂದೇ ಕಡೆ ಕೂತುಬಿಡುತ್ತದೆ. ಆದರೆ ವರ್ಷದ ಟನ್ ಲೆಕ್ಕವನ್ನು ದಂಡಕ್ಕೆ ಬಿಡಬೇಡಿ, ಕಟ್ಟುನಿಟ್ಟಿನ ಮಿತಿಯನ್ನೇ ಹಾಕಿ. ಸುಪ್ರೀಂ ಕೋರ್ಟ್ 2022ರಲ್ಲಿ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿಗೆ ಒಟ್ಟು ವರ್ಷಕ್ಕೆ 3.5 ಕೋಟಿ ಟನ್ ಅಂತ ಮಿತಿ ಏರಿಸಿತು. ಏರಿಸಿದರೂ ಮಿತಿ ಮಿತಿಯೇ. ‘ಸ್ವಲ್ಪ ಜಾಸ್ತಿ ತೆಗೆದೆವು, ದಂಡ ಕಳೆದುಕೊಂಡಿದ್ದೇವೆ’ ಅಂತ ಹೇಳಲು ಅದೇನು ಸಾಫ್ಟ್‌ವೇರಾ?

ಮಳೆಯ ವಿಷಯ ನನಗೆ ಹೊಳೆಸಿದ್ದು ಪಕ್ಕದ ಮನೆಯ ಹಿರಿಯರು. ಕುದುರೆಮುಖದಲ್ಲಿ 2005ರ ಕೊನೆಗೆ ಗಣಿ ನಿಲ್ಲುವವರೆಗೂ ಕೆಲಸ ಮಾಡಿದವರು. ನನ್ನ ಸ್ಕ್ರೀನ್ ನೋಡಿ, ‘ಅಲ್ಲ ಮಾರಾಯ್ತಿ, ಜುಲೈನಲ್ಲಿ ತಳದ ಬೆಂಚು ಅಗಿತೀಯಲ್ಲ, ನೀರು ಎಲ್ಲಿಗೆ ಹೋಗುತ್ತೆ?’ ಅಂದರು. ಬೆಂಚು ಅಂದರೆ ಗಣಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿಯುವ ಹಂತ. ಸಂಡೂರಿನ ಮಳೆ ನಮ್ಮ ಮಳೆಯಷ್ಟಿಲ್ಲ ನಿಜ. ಆದರೂ ಕೇಳಿದ್ದು ಸರಿಯೇ. ತಿಂಗಳ ಪ್ಲಾನ್‌ನಲ್ಲಿ ಪ್ರತಿ ತಿಂಗಳಿಗೂ ಎಷ್ಟು ಆಳಕ್ಕೆ ಇಳಿಯಬಹುದು ಅಂತ ಬೇರೆ ಬೇರೆ ಮಿತಿ ಕೊಡಲು ಇದರಲ್ಲಿ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಮೇಲಿನ ಬೆಂಚು, ಬೇಸಿಗೆಯಲ್ಲಿ ತಳ. ಲಾಭ ಕೂದಲೆಳೆಯಷ್ಟು ಇಳಿಯಿತು. ಗಣಿಯ ಫೋರ್‌ಮನ್ ಮಾತ್ರ ಮೊದಲ ಸಲ ನನ್ನ ಪ್ಲಾನನ್ನು ಎರಡನೇ ಮಾತಿಲ್ಲದೆ ಒಪ್ಪಿದರು.

ಈಗಿನ ದೂರು ಎರಡೇ. ಹೊಸ ವರ್ಷನ್ ಹಾಕಿದಾಗಲೆಲ್ಲ ಸೆಟ್ಟಿಂಗ್ ಮತ್ತೆ ಗಡಿಯಾರಕ್ಕೇ ಹೋಗಿರುತ್ತದೆ. ಬ್ಯಾಟರಿ ಪೂರ್ತಿ ಮುಗಿದರೆ ಅರ್ಧ ಆದ ಹುಡುಕಾಟ ಉಳಿಯುವುದಿಲ್ಲ, ನಡುನಡುವೆ ತಾನಾಗಿ ಸೇವ್ ಮಾಡುವ ಬುದ್ಧಿ ಇದಕ್ಕಿಲ್ಲ. ಅದಕ್ಕಾಗಿ ನಾನು ನನ್ನ ಸ್ವಂತ ದುಡ್ಡಿನಲ್ಲಿ ಇನ್ವರ್ಟರ್ ಹಾಕಿಸಿದೆ, ಆ ಬಿಲ್ಲನ್ನು ಆಫೀಸು ಇನ್ನೂ ಪಾಸ್ ಮಾಡಿಲ್ಲ.

ಐದಕ್ಕೆ ಮೂರೂವರೆ. ಕಬ್ಬಿಣ, ಸಿಲಿಕಾ, ಅಲ್ಯೂಮಿನಾ ಮೂರನ್ನೂ ಸರಿದೂಗಿಸಬೇಕಾದ ದೊಡ್ಡ ಗಣಿಯವರು ಕೊಳ್ಳಬಹುದು. ಒಂದೆರಡು ಬೆಂಚಿನ ಜಲ್ಲಿ ಕ್ವಾರಿ ಇಟ್ಟುಕೊಂಡವರು ಇದರ ಡೆಮೊ ನೋಡಿ ಮರುಳಾಗಬೇಡಿ. ನಿಮಗೆ ಎಕ್ಸೆಲ್ ಸಾಕು, ಉಳಿದ ದುಡ್ಡಿಗೆ ಒಂದು ಒಳ್ಳೆ ಪಂಪ್ ತನ್ನಿ.