ಹಳೇ ಕೋವಿಗೆ ಬೆಲೆ ಕಟ್ಟಿಕೊಡ್ತೀನಿ ಅಂತ ಬರುವವನ ಬಗ್ಗೆ ಎಚ್ಚರ

ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ಅಜ್ಜನ ಕಾಲದ ಕೋವಿ ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಓದಿ, ಮನೆಯ ಹಿರಿಯರಿಗೂ ಓದಿ ಹೇಳಿ. ಹಳೇ ಕೋವಿ ಸಂಗ್ರಹಿಸುವವರಿಗೆ ಬಿಡಿಭಾಗ ಕೊಡಿಸುತ್ತೇನೆ, ಬೆಲೆ ಕಟ್ಟುವುದಕ್ಕೆ ದುಡ್ಡು ಬೇಡ ಎನ್ನುತ್ತಾ ಒಬ್ಬ ಆಸಾಮಿ ತಿರುಗುತ್ತಿದ್ದಾನೆ. ಸಕಲೇಶಪುರದ ಹತ್ತಿರ ನಮ್ಮ ದೊಡ್ಡಪ್ಪನ ಮನೆಗೂ ಬಂದಿದ್ದ.

ದೊಡ್ಡಪ್ಪನದು ವೆಸ್ಟ್ಲಿ ರಿಚರ್ಡ್ಸ್ ಕಂಪನಿಯ ಜೋಡುನಳಿಗೆ, 12 ಬೋರು. ಲೈಸೆನ್ಸ್ ಸರಿಯಾಗಿದೆ, ಚುನಾವಣೆ ಬಂದಾಗ ಠಾಣೆಗೆ ಹೋಗಿ ವಾಪಸು ಬರುತ್ತದೆ. ಅದರ ಅಡಿಯ ಮುಚ್ಚಳ ತೆರೆದರೆ ಒಳಗಿನ ಎರಡೂ ಲಾಕುಗಳನ್ನು (ಕುದುರೆ ಎಳೆದಾಗ ತೋಟಾ ಹೊಡೆಸುವ ಸುತ್ತಿಗೆ, ಸ್ಪ್ರಿಂಗುಗಳ ಜೋಡಣೆ) ಸ್ಕ್ರೂಡ್ರೈವರ್ ಇಲ್ಲದೆ ಕೈಯಲ್ಲೇ ಎಳೆದು ತೆಗೆಯಬಹುದು. 1897ರಲ್ಲಿ ಪೇಟೆಂಟ್ ಆದ ಏರ್ಪಾಡು. ಶಿಕಾರಿಯಲ್ಲಿ ಸ್ಪ್ರಿಂಗ್ ಮುರಿದರೆ ಇರಲಿ ಅಂತ ಕೆಲವರು ಇನ್ನೊಂದು ಜೊತೆ ಲಾಕು ಮಾಡಿಸಿಕೊಳ್ಳುತ್ತಿದ್ದರು. ನಮ್ಮ ಕೋವಿಯ ಪೆಟ್ಟಿಗೆಯಲ್ಲೂ ಅಂಥದೊಂದು ಜೊತೆ ಬಟ್ಟೆ ಸುತ್ತಿ ಇಟ್ಟಿತ್ತು. ಈಗ ಇಲ್ಲ, ಆ ಆಸಾಮಿ ಒಯ್ದಿದ್ದಾನೆ.

ಆಸಾಮಿ ನಳಿಗೆಯೊಳಗೆ ಟಾರ್ಚ್ ಬಿಟ್ಟು ನೋಡಿ, "ಗೌಡ್ರೇ, ಒಳಗೆಲ್ಲಾ ತುಕ್ಕು ತಿಂದು ಗುಳಿ ಬಿದ್ದಿದೆ. ಇಡೀ ಕೋವಿ ಗುಜರಿ ಲೆಕ್ಕ. ಈ ಎರಡು ಬಿಡಿ ತುಂಡಿಗೆ ಬೇಕಾದ್ರೆ ಮೂರು ಸಾವಿರ ಕೊಡ್ತೀನಿ" ಅಂದನಂತೆ. ಗುಳಿ ಬಿದ್ದಿರುವುದು ನಿಜ, ಅದರಿಂದ ನಳಿಗೆಯ ಬೆಲೆ ಇಳಿಯುವುದೂ ನಿಜ. ಲಾಕಿಗೂ ಅದಕ್ಕೂ ಏನು ಸಂಬಂಧ? ನಳಿಗೆ, ಆ್ಯಕ್ಷನ್ (ನಳಿಗೆ ಕೂರುವ, ಲಾಕು ಒಳಗಿರುವ ಉಕ್ಕಿನ ಭಾಗ), ಲಾಕು ಎಲ್ಲದರ ಮೇಲೂ ಒಂದೇ ನಂಬರು, ಜೊತೆಗೆ ಮೂಲ ಪೆಟ್ಟಿಗೆ. ಸಂಗ್ರಹಕಾರರು ದುಡ್ಡು ಸುರಿಯುವುದೇ ಇದಕ್ಕೆ. ಸೆಟ್ಟು ಒಡೆದರೆ ಉಳಿದದ್ದರ ಬೆಲೆಯೂ ಬಿತ್ತು.

ನನಗೆ ಇದಕ್ಕಿಂತ ಹೊಟ್ಟೆ ಉರಿದದ್ದು ಬೇರೆ ವಿಷಯಕ್ಕೆ. ಕಂಪನಿ ಹೆಸರು ಓದಬೇಕು ಅಂತ ಅವನು ಆ್ಯಕ್ಷನ್ನಿನ ಪಕ್ಕವನ್ನು ಎಮರಿ ಪೇಪರಿನಿಂದ ಉಜ್ಜಿದ್ದಾನೆ. ಉಕ್ಕನ್ನು ಮೂಳೆ-ಇದ್ದಿಲಿನಲ್ಲಿ ಹೂತು ಕಾಯಿಸಿ ನೀರಿಗೆ ಅದ್ದಿದಾಗ ನೀಲಿ, ಕಂದು ಬಣ್ಣ ಮೋಡದ ಹಾಗೆ ಮೂಡುತ್ತದೆ. ನಮ್ಮದರಲ್ಲಿ ಅದು ಮೂಲೆಗಳಲ್ಲಿ ಇನ್ನೂ ಉಳಿದಿತ್ತು. ಉಜ್ಜಿದ ಜಾಗ ಈಗ ಹೊಸ ಸ್ಟೀಲ್ ಲೋಟದಂತೆ ಫಳಫಳ ಅನ್ನುತ್ತಿದೆ. ಹೊಸದಾಗಿ ಬಣ್ಣ ಹಾಕಿಸಬಹುದು, ಆದರೆ ಮೂಲ ಬಣ್ಣಕ್ಕೆ ಸಿಗುವ ಬೆಲೆ ಅದಕ್ಕೆ ಸಿಗುವುದಿಲ್ಲ. ಬೆಲೆ ಬಲ್ಲವನು ಯಾರೂ ಎಮರಿ ಪೇಪರ್ ಹಿಡಿಯುವುದಿಲ್ಲ.

"ಬಿಡಿಭಾಗಕ್ಕೆಲ್ಲಾ ಲೈಸೆನ್ಸ್ ಬೇಡ, ಕೊಡಗಲ್ಲಿ ಹಿಂಗೇ ಮಾರ್ತಾರೆ" ಎಂದೂ ಹೇಳಿದ್ದಾನೆ. ಶುದ್ಧ ಸುಳ್ಳು. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ಕೊಡಗಿನ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಎಂಬ ಅಲ್ಲಿನ ಹಳೇ ಪದ್ಧತಿಯ ಜಮೀನಿನ ಹಿಡುವಳಿದಾರರಿಗೆ. ಹಾಸನ, ಚಿಕ್ಕಮಗಳೂರಿಗೆ ಅದು ಬರುವುದಿಲ್ಲ. 1959ರ ಆಯುಧ ಕಾಯ್ದೆಯ 2ನೇ ಕಲಮಿನ ಪ್ರಕಾರ ಆಯುಧ ಅಂದರೆ ಅದರ ಭಾಗಗಳೂ ಸೇರಿದವು. ಸಣ್ಣಪುಟ್ಟ ಭಾಗಕ್ಕೆ ವಿನಾಯಿತಿ ಇದೆ, ಅದೂ ಬೇರೆ ಭಾಗಗಳ ಜೊತೆ ಸೇರಿಸಿ ಬಳಸುವ ಉದ್ದೇಶ ಇಲ್ಲದಿದ್ದರೆ ಮಾತ್ರ. ಇಡೀ ಕೋವಿ ಮಾರುವುದಾದರೆ ಕೊಳ್ಳುವವರಿಗೂ ಲೈಸೆನ್ಸ್ ಇರಬೇಕು, ಜಿಲ್ಲಾಧಿಕಾರಿಗೋ ಠಾಣೆಗೋ ಬರೆದು ಕೊಟ್ಟು 45 ದಿನ ಕಳೆದಿರಬೇಕು.

ಬೆಲೆ ತಿಳಿಯಬೇಕಿದ್ದರೆ ನಂಬರು, ನಳಿಗೆಯಡಿಯ ಪ್ರೂಫ್ ಮುದ್ರೆ (ಕೋವಿ ಪರೀಕ್ಷೆ ಮಾಡಿ ಒತ್ತಿದ ಗುರುತು), ಪೆಟ್ಟಿಗೆಯ ಲೇಬಲ್ ಇವುಗಳ ಫೋಟೋ ತೆಗೆದು ಲೈಸೆನ್ಸ್ ಇರುವ ಡೀಲರ್‌ಗೆ ತೋರಿಸಿ. 1812ರಲ್ಲಿ ಶುರುವಾದ ಈ ಕಂಪನಿ ಇಂಗ್ಲೆಂಡಿನಲ್ಲಿ ಈಗಲೂ ಇದೆ, ಅವರನ್ನೇ ಕೇಳಬಹುದು. ಒಂದು ತುಂಡನ್ನೂ "ತೋರಿಸಿ ತರ್ತೀನಿ" ಅಂದವನ ಕೈಗೆ ಕೊಡಬೇಡಿ.

ವಕೀಲರನ್ನು ಕೇಳಿ ದೊಡ್ಡಪ್ಪ ಠಾಣೆಗೆ ಬರೆದು ಕೊಟ್ಟಿದ್ದಾರೆ. ಆಸಾಮಿಯ ಫೋನ್ ಸ್ವಿಚ್ ಆಫ್. ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದು ವಯಸ್ಸಾದವರೇ ಇರುವ ಮನೆಗಳನ್ನು ನೋಡಿಕೊಂಡು ಬರುತ್ತಾನೆ. ನಿಮ್ಮ ಕಡೆ ಕಂಡರೆ ಗಾಡಿ ನಂಬರ್ ಬರೆದುಕೊಂಡು ನಿಮ್ಮ ಠಾಣೆಗೆ ತಿಳಿಸಿ.